ಮೀನಿಗೂ ವ್ರತ ಹಿಡಿಸಿದವಳು

ಕಾಂಗ್ ಬದುಕಿದ್ದ ಕೊನೆಯ ಪೂರ್ತಿ ದಿನ ಗಂಡ ಹೆಂಡಿರು ಜಗಳವಾಡಿದ್ದು ಉಪ್ಪಿನ ವಿಷಯಕ್ಕೆ. ಸಾರು ಉಪ್ಪು ಎಂದ ಅವನು. ನಿನ್ನ ನಾಲಿಗೆ ಸಿಗರೇಟು ಸೇದಿ ಸತ್ತಿದೆ ಎಂದಳು ಥೋಮ್. ಅವನು ಇನ್ನಷ್ಟು ಅನ್ನ ಬಡಿಸಿಕೊಂಡು, ಅದೇ ಸಾರು ಸುರಿದುಕೊಂಡು, ಬಟ್ಟಲು ನೆಕ್ಕುವ ಹಾಗೆ ತಿಂದ. ಆಮೇಲೆ ನಡುಮನೆಯ ನೆಲದ ಮುಚ್ಚಳ ಎತ್ತಿ ಪಕ್ಕಕ್ಕಿಟ್ಟು, ಕಾಲು ಇಳಿಬಿಟ್ಟು ಕೂತ.

ಅವರದು ಹಾವ್ ನದಿಯ ಮೇಲಿನ ತೆಪ್ಪದ ಮನೆ. ಚೌ ದೊಕ್ ಪೇಟೆಯ ಎದುರಿಗೆ ಅಂಥವು ಸಾಲಾಗಿ ಲಂಗರು ಹಾಕಿ ನಿಂತಿವೆ. ಮೇಲೆ ಜನ, ಕೆಳಗೆ ಬಲೆಯೊಳಗೆ ಮೀನು. ಬಲೆಯ ನಡುವೆ ಒಂದು ಅಡ್ಡತಡಿಕೆ. ಒಳಗಿನ ಅರೆ ನಡುಮನೆಯ ಕೆಳಗೆ, ಹೊರಗಿನ ಅರೆ ಹಿಂದಿನ ಜಗಲಿಯ ಕೆಳಗೆ. ಎರಡಕ್ಕೂ ಒಂದೊಂದು ಮುಚ್ಚಳ. ಎರಡರಲ್ಲೂ ಕಾಂಗ್ ಒಂದೇ ದಿನ ತಂದು ಬಿಟ್ಟ ಮರಿಗಳು.

ಉದ್ದ ಹಿಡಿಯ ಕಬ್ಬಿಣದ ಸೌಟಿನಿಂದ ಅವನು ಹಲಗೆಗೆ ಬಡಿದ. ಕೆಳಗಿನ ನೀರು ಕುದಿಯುವ ಎಸರಿನ ಹಾಗೆ ಎದ್ದಿತು.

"ನೋಡು ಪೊಲೀಸಮ್ಮ," ಎಂದ ಹೆಂಡತಿಗೆ. "ಇವು ಉಪ್ಪು ಅನ್ನಲ್ಲ, ಸಪ್ಪೆ ಅನ್ನಲ್ಲ. ಹಾಕಿದ್ದು ತಿಂತಾವೆ."

"ಹಾಗಿದ್ರೆ ಅವುಗಳ ಜೊತೆನೇ ಮಲಕ್ಕೋ ಹೋಗು," ಎಂದಳು ಥೋಮ್.

ಮರುದಿನ ಬೆಳಿಗ್ಗೆ ಕೊಪ್ಪರಿಗೆಯಲ್ಲಿ ಮೀನಿನ ಮೇವು ಕಲಕುತ್ತಿದ್ದವನು ಸುಮ್ಮನೆ ಕೂತ. ಮತ್ತೆ ಏಳಲಿಲ್ಲ. ತಲೆಯೊಳಗೆ ನರ ಒಡೆದಿದೆ ಎಂದರು ಆಸ್ಪತ್ರೆಯವರು. ಸೌಟು ಕೈಯಲ್ಲೇ ಇತ್ತು. ಬೆರಳು ಬಿಡಿಸಿದವಳು ಥೋಮ್.

ಪೊಲೀಸಮ್ಮ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಥೋಮ್ ಹುಟ್ಟಿದ್ದು ಒಣ ನೆಲದ ಮೇಲೆ, ತೋಫು ಮಾಡುವವರ ಮನೆಯಲ್ಲಿ. ಓದು ಬೇಗ ನಿಂತಿತು. ಸೋಯಾ ರುಬ್ಬುವುದು, ಹಾಲು ಹಿಂಡುವುದು, ಉಳಿದ ಹಿಪ್ಪೆಯನ್ನು ಹಂದಿಗೆ ಹಾಕುವುದು, ಅದೇ ಶಾಲೆ. ಕಾಳು ಮಾರುವವನು ಕಲ್ಲು ಬೆರೆಸುತ್ತಾನೆ, ಕೊಳ್ಳುವವಳು ಮಾತಾಡಿಸುತ್ತಾ ಒಂದು ತುಂಡು ಹೆಚ್ಚಿಗೆ ಎತ್ತುತ್ತಾಳೆ, ಹಾಲು ಒಡೆಯದಿದ್ದರೆ ಪಕ್ಕದ ಮನೆಯವರು ಕಣ್ಣು ಹಾಕಿದ್ದಾರೆ: ತಾಯಿ ಕಲಿಸಿದ್ದು ಇಷ್ಟು. ತಕ್ಕಡಿಯ ತಳ ಮುಟ್ಟಿ ನೋಡದೆ ಥೋಮ್ ಒಂದು ಹಿಡಿ ಮೆಣಸಿನಕಾಯಿ ಕೊಂಡವಳಲ್ಲ. ಮದುವೆಯಾಗಿ ನೀರಿನ ಮೇಲೆ ಬಂದ ಹೊಸದರಲ್ಲಿ ಲಂಗರಿನ ಹಗ್ಗವನ್ನು ದಿನಾ ಎಳೆದು ನೋಡುತ್ತಿದ್ದಳು. ಆ ಮನೆಯಲ್ಲಿ ಅವಳು ಅನುಮಾನಪಡದೆ ನಂಬಿದ್ದು ಕಾಂಗ್ ಒಬ್ಬನನ್ನು. ಮಕ್ಕಳಾಗಲಿಲ್ಲ. ಅದಕ್ಕೂ ಯಾರನ್ನೋ ಅನುಮಾನಿಸಿದ್ದಳು, ಕೊನೆಗೆ ಬಿಟ್ಟಳು.

ಮಣ್ಣು ಮಾಡಿದ ದಿನ ಕಂದು ನಿಲುವಂಗಿಯ ಹಿರಿಯರೊಬ್ಬರು ಹೇಳಿದರು, "ನೂರನೇ ದಿನದ ಊಟ ಆಗೋವರೆಗೂ ಮನೆಯಲ್ಲಿ ಜೀವ ತೆಗೀಬೇಡಮ್ಮ. ಹೋದವನ ಹೊರೆ ಹಗುರಾಗತ್ತೆ."

ಎಲ್ಲರಿಗೂ ಹೇಳುವ ಮಾತೇ. ಬೇರೆ ಹೆಂಗಸರು ಅಷ್ಟು ದಿನ ಮೀನು ಮಾಂಸ ಬಿಟ್ಟು ತೋಫು ತಿನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಥೋಮ್‌ಗೆ ಅಷ್ಟಕ್ಕೇ ಮುಗಿಯಲಿಲ್ಲ. ಕಾಂಗ್ ದಿನಾ ಬೆಳಿಗ್ಗೆ ಚಿಲ್ಲರೆ ಮೀನಿನ ದೋಣಿಯಿಂದ ಬುಟ್ಟಿ ಬುಟ್ಟಿ ಸಣ್ಣ ಮೀನು ಇಳಿಸಿಕೊಳ್ಳುತ್ತಿದ್ದ. ಇನ್ನೂ ಮಿಡುಕುತ್ತಿದ್ದವನ್ನೇ ಯಂತ್ರಕ್ಕೆ ಸುರಿದು ಅರೆದು, ತೌಡು ನುಚ್ಚಿನ ಜೊತೆ ಬೇಯಿಸಿ ಬಲೆಯ ಮೀನಿಗೆ ಹಾಕುತ್ತಿದ್ದ. ಅಷ್ಟು ವರ್ಷ, ಅಷ್ಟು ಬುಟ್ಟಿ. ಅವನ ಹೊರೆ ಅಂದರೆ ಅದೇ ಅಲ್ಲವೇ.

ಮರುದಿನ ದೋಣಿಯವಳು ಬಂದಾಗ ಥೋಮ್ ಕೈಯಾಡಿಸಿ ಕಳಿಸಿದಳು. ಯಂತ್ರ ತೊಳೆದು ಗೋಣಿ ಬಟ್ಟೆ ಮುಚ್ಚಿದಳು. ಕೊಪ್ಪರಿಗೆಗೆ ತೌಡು, ನುಚ್ಚು, ಕುಂಬಳಕಾಯಿ, ಸಣ್ಣ ಮೀನಿನ ಜಾಗಕ್ಕೆ ಸೋಯಾ ಹಿಪ್ಪೆ. ತವರಿನ ಹಂದಿಗಳು ಅದನ್ನು ತಿಂದು ದಿಮ್ಮಿಯ ಹಾಗೆ ಬೆಳೆದಿದ್ದವು. ಮೀನಿಗೆ ಏನು ರೋಗ?

ಮೇಲ್ಹರಿವಿನ ಪಕ್ಕದ ತೆಪ್ಪದ ಮುವೊಯ್ ಅಜ್ಜಿ ಅಡಿಕೆ ಜಗಿಯುತ್ತಾ ನೋಡುತ್ತಿದ್ದಳು.

"ಏನೇ ಥೋಮ್, ಮೀನಿಗೂ ವ್ರತ ಹಿಡಿಸಿದ್ಯಾ?"

"ಹೂಂ ಅಜ್ಜಿ."

"ಮುಂದಿನ ಹುಣ್ಣಿಮೆಗೆ ತಲೆ ಬೋಳಿಸ್ಕೊಂಡು ಗುಡಿಗೆ ಹೊರಡ್ತಾವೆ ನೋಡು. ಮುಚ್ಚಳ ಭದ್ರ ಮಾಡ್ಕೊ."

ಕಾಂಗನ ತಮ್ಮ ಲುವಾನ್ ಮಾತ್ರ ನಗಲಿಲ್ಲ. ಅವನು ದಡದಲ್ಲಿ ಕೆರೆ ತೋಡಿ ಮೀನು ಸಾಕಿದವನು. ಕಾರ್ಖಾನೆಯ ಮೇವಿನ ಮೂಟೆ ಮಾರುವ ಏಜೆಂಟು ಕೂಡ. ಮಣ್ಣಾದ ಮೂರನೇ ದಿನಕ್ಕೇ ಬಂದು ಹೇಳಿದ್ದ, "ಅತ್ತಿಗೆ, ಒಬ್ಬರ ಕೈಲಿ ತೆಪ್ಪ ನಡೆಯಲ್ಲ. ನನಗೆ ಕೊಟ್ಟುಬಿಡಿ. ನೀವು ನಮ್ಮನೇಲಿ ಇರಿ."

ಅಣ್ಣನ ತಲೆದಿಂಬು ಇನ್ನೂ ಬೆವರು ವಾಸನೆ ಹೊಡೆಯುತ್ತಿತ್ತು. ಇವನಿಗೆ ತೆಪ್ಪದ ಚಿಂತೆ. ಅವತ್ತೇ ಥೋಮ್ ಅವನನ್ನು ಮನಸ್ಸಿನಲ್ಲಿ ಅನುಮಾನದ ಕಡೆ ತೆಗೆದಿಟ್ಟಳು. ಕಾಂಗನ ಕೈಯ ಕೊನೆಯ ಮರಿಗಳು ಇವು. ಇವನ್ನು ದೊಡ್ಡವು ಮಾಡಿ ತಾನೇ ದಡ ಸೇರಿಸಬೇಕು. ತೆಪ್ಪ ಬಿಡುವ ಮಾತು ಆಮೇಲೆ. ಅವಳ ಪಟ್ಟು ಇಷ್ಟೇ.

ಎರಡು ತಿಂಗಳು ದಾಟಿರಬೇಕು. ನಡುಮನೆಯ ಮುಚ್ಚಳದ ಬಳಿ ಕೂತವಳಿಗೆ ಒಂದು ಮೀನಿನ ಕಣ್ಣು ಕಂಡಿತು. ಬಿಳಿ. ಬೇಯಿಸಿದ ಮೀನಿನ ಕಣ್ಣು ಹೇಗಿರುತ್ತದೋ ಹಾಗೆ, ಆದರೆ ಮೀನು ಈಜುತ್ತಿದೆ. ವಾರ ಕಳೆಯುವುದರಲ್ಲಿ ಅಂಥವು ಬಹಳ ಆದವು. ರೆಕ್ಕೆಯ ಅಂಚು ಇಲಿ ಕಡಿದ ಹಾಗೆ. ಮೈ ಬೆಳೆದಿಲ್ಲ, ತಲೆ ಮಾತ್ರ ದೊಡ್ಡದಾಗಿ ಕಾಣುತ್ತದೆ. ಬೆಳಿಗ್ಗೆ ಒಂದೆರಡು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ಯಾರೋ ಏನೋ ಮಾಡಿದ್ದಾರೆ.

ಮೊದಲು ಹಿಪ್ಪೆ ಮಾರುವವನು. ಅವನ ಮಾಲನ್ನು ನಾಲಿಗೆಗೆ ಹಚ್ಚಿ ನೋಡಿದಳು. ಕೋಳಿಗೆ ಹಾಕಿದಳು. ಕೋಳಿ ತಿಂದು ಮೊಟ್ಟೆ ಇಟ್ಟಿತು. ಆಮೇಲೆ ಮುವೊಯ್ ಅಜ್ಜಿ. ಮೇಲಿನಿಂದ ಹರಿದು ಬರುವ ನೀರೆಲ್ಲ ಅವಳ ತೆಪ್ಪ ದಾಟಿಯೇ ಬರಬೇಕು. ಥೋಮ್ ಸುಳ್ಳು ನೆವ ಹೇಳಿ ಅವಳ ಮನೆಗೆ ಹೋಗಿ ಮುಚ್ಚಳ ಎತ್ತಿ ನೋಡಿದಳು. ಅಜ್ಜಿಯ ಮೀನುಗಳ ಕಣ್ಣು ಕಪ್ಪಗೆ ಮಿರುಗುತ್ತಿದ್ದವು.

"ಏನು ಹುಡುಕ್ತಿದ್ಯೇ?"

"ಏನಿಲ್ಲ. ನಿಮ್ಮವು ಚೆನ್ನಾಗಿವೆ."

"ನನ್ನವು ಪಾಪಿಗಳು. ಕಂಡದ್ದೆಲ್ಲ ತಿಂತಾವೆ." ಅಜ್ಜಿ ಕೆಂಪು ಉಗುಳು ನದಿಗೆ ಉಗಿದಳು. "ನಿನಗೊಂದು ಹೇಳ್ಲಾ, ಬೇಜಾರು ಮಾಡ್ಕೋಬೇಡ. ನೀನು ಕಾಂಗನ ಹೆಸರಲ್ಲಿ ಗುಡಿಗೆ ಹೋದಾಗೆಲ್ಲ ನಿನ್ನ ಹಿಂಜಗಲಿಗೆ ಒಂದು ದೋಣಿ ತಾಗಿ ನಿಂತಿರತ್ತೆ. ನನ್ನ ಕಣ್ಣೂ ಮಂಜು. ಯಾರು ಅಂತ ತಿಳೀಲಿಲ್ಲ."

ಥೋಮ್ ಅವತ್ತು ಹಿಂಜಗಲಿಯ ಹಲಗೆಗಳನ್ನು ಒಂದೊಂದಾಗಿ ಸವರಿ ನೋಡಿದಳು. ಒಂದರ ಸಂದಿನಲ್ಲಿ ಮೀನಿನ ಹುರುಪೆ ಸಿಕ್ಕಿಕೊಂಡಿತ್ತು, ಉಗುರಿಗಿಂತ ಸಣ್ಣದು. ಬಲೆಯ ಮೀನಿಗೆ ಹುರುಪೆಯೇ ಇಲ್ಲ, ಅದರ ಮೈ ನುಣುಪು. ಕಾಂಗ್ ಹೋದಾಗಿನಿಂದ ಆ ಮನೆಗೆ ಬೇರೆ ಮೀನು ಬಂದಿಲ್ಲ. ಮುಚ್ಚಳದ ಅಂಚನ್ನು ಮೂಸಿದಳು. ಹಸಿ ನಾತ.

ಹೊರಗಿನ ಅರೆಗೆ ಒಂದು ಸೌಟು ಮೇವು ಹಾಕಿದಳು. ಅಲ್ಲಿನ ಮೀನುಗಳು ಎಗರಿ ಎಗರಿ ಬಿದ್ದವು, ನೀರು ಮುಖಕ್ಕೆ ಚಿಮ್ಮಿತು, ಆ ನೊರೆಯಲ್ಲಿ ಅವುಗಳ ಕಣ್ಣು ಕಾಣಲಿಲ್ಲ. ಒಳಗಿನವು ಹಾಗೆ ಏಳುವುದನ್ನು ಬಿಟ್ಟು ಬಹಳ ದಿನವಾಗಿತ್ತು. ವಿಷದ ಉರಿಗೆ ಹೀಗೆ ಎಗರುತ್ತಿವೆ ಎಂದುಕೊಂಡಳು.

ಮರುದಿನ ಜಗಲಿಯ ತುಂಬ ಒಣ ತೌಡು ಜರಡಿ ಹಿಡಿದು ತೆಳುವಾಗಿ ಉದುರಿಸಿ ಗುಡಿಗೆ ಹೋದಳು. ಬಂದು ನೋಡಿದರೆ ತೌಡಿನಲ್ಲಿ ಹೆಜ್ಜೆ. ಅಗಲ ಪಾದ, ಹೆಬ್ಬೆರಳು ಬೇರೆ ಬೆರಳುಗಳಿಂದ ಮುನಿಸಿಕೊಂಡ ಹಾಗೆ ಪಕ್ಕಕ್ಕೆ ಹೊರಳಿದೆ. ಅದು ಕಾಂಗನ ಹೆಜ್ಜೆ. ಥೋಮ್ ಅಲ್ಲೇ ಕುಕ್ಕರಿಸಿದಳು. ಬೆರಳಿನ ಗುರುತಿನ ಮೇಲೆ ತನ್ನ ಬೆರಳಿಡಲು ಹೋದಳು. ಆಗ ನೆನಪಾಯಿತು, ಆ ಮನೆತನದಲ್ಲಿ ಅಣ್ಣ ತಮ್ಮ ಇಬ್ಬರಿಗೂ ಅದೇ ಕಾಲು.

ಪೊರಕೆ ತಂದು ಗುಡಿಸಿದಳು.

ಮುಂದಿನ ಸಲ ಗುಡಿಗೆ ಹೊರಟವಳು ಹೋಗಿ ಕೂತದ್ದು ಮುವೊಯ್ ಅಜ್ಜಿಯ ಅಡುಗೆಮನೆಯಲ್ಲಿ, ಕಿಟಕಿಯ ಸಂದಿಗೆ ಕಣ್ಣಿಟ್ಟು. ಲುವಾನ್ ಬಂದ. ದೋಣಿ ಕಟ್ಟಿದ. ಅತ್ತಿತ್ತ ನೋಡಿದ. ಮುಚ್ಚಿದ ಬಕೆಟ್ಟು ಎತ್ತಿಕೊಂಡು ಹಿಂಜಗಲಿ ಹತ್ತಿದ, ಹೊರಗಿನ ಮುಚ್ಚಳ ಸರಿಸಿ ಸುರಿದ, ಬಕೆಟ್ಟು ನದಿಯಲ್ಲಿ ಜಾಲಿಸಿ ಹೊರಟುಹೋದ.

"ಈಗಲೇ ಹೋಗಿ ಕೊರಳಪಟ್ಟಿ ಹಿಡಿ," ಎಂದಳು ಅಜ್ಜಿ.

"ಈಗ ಬೇಡ. ನೂರನೇ ದಿನ ನೆಂಟರೆಲ್ಲ ಸೇರ್ತಾರೆ. ಅವರ ಮುಂದೆ."

"ಅಷ್ಟೊತ್ತಿಗೆ ಮೀನು ಉಳೀಬೇಕಲ್ಲ."

ಅದಕ್ಕೆ ಥೋಮ್ ಹೊಳೆ ದಾಟಿ ಮೀನಿನ ಆಫೀಸಿಗೆ ಹೋದಳು. ಅಲ್ಲಿ ದಿಯೆಪ್ ಎಂಬ ಮೀನಿನ ಡಾಕ್ಟ್ರಮ್ಮ ಇದ್ದಳು. ಕುಳ್ಳಿ, ನೆಗಡಿ ಹಿಡಿದ ಮೂಗು, ಮೊಣಕಾಲಿನವರೆಗೆ ರಬ್ಬರ್ ಬೂಟು. ಥೋಮ್ ಸುತ್ತು ಬಳಸಿ ಮಾತಾಡಲಿಲ್ಲ.

"ನನ್ನ ಮೈದುನ ಮೀನಿಗೆ ವಿಷ ಹಾಕ್ತಿದಾನೆ. ತೆಪ್ಪ ಬೇಕು ಅವನಿಗೆ. ವಿಷ ಅಂತ ನಿಮ್ಮ ಬಾಯಿಂದ ಬಂದ್ರೆ ಸಾಕು."

"ನೋಡದೆ ಹ್ಯಾಗೆ ಬರತ್ತೆ ಅಕ್ಕಾ," ಎಂದು ಅವಳು ಮೂಗು ಒರೆಸಿಕೊಂಡು ದೋಣಿ ಹತ್ತಿದಳು.

ತೆಪ್ಪಕ್ಕೆ ಬಂದು ಡಾಕ್ಟ್ರಮ್ಮ ಕೈಬಲೆ ಕೇಳಿದಳು. ನಡುಮನೆಯ ಕೆಳಗಿನಿಂದ ಒಂದಷ್ಟು ಎತ್ತಿದಳು. ಬಿಳಿಗಣ್ಣು, ಹರಿದ ರೆಕ್ಕೆ. ಹಿಂಜಗಲಿಗೆ ಹೋಗಿ ಹೊರಗಿನ ಅರೆಯಿಂದ ಎತ್ತಿದಳು. ಎರಡನ್ನೂ ಬೇರೆ ಬೇರೆ ಬೋಗುಣಿಯಲ್ಲಿ ಪಕ್ಕ ಪಕ್ಕ ಇಟ್ಟು ಬಗ್ಗಿ ನೋಡಿದಳು.

"ವಿಷ ಹಾಕಿದ್ದು ಯಾವ ಕಡೆ ಅಂದ್ರಿ?"

"ಹೊರಗಡೆ. ನಾನೇ ಕಣ್ಣಾರೆ ನೋಡಿದೆ."

"ನೋಡಿ ಮತ್ತೆ."

ಥೋಮ್ ನೋಡಿದಳು. ಹೊರಗಿನವು ಗೇಣುದ್ದ ಬೆಳೆದಿದ್ದವು. ಬೆನ್ನು ಹೊಳೆಯುತ್ತಿತ್ತು. ಕಣ್ಣು ಕಪ್ಪಗೆ, ಅವಳನ್ನೇ ದಿಟ್ಟಿಸುತ್ತಿದ್ದವು. ಒಂದೇ ದಿನ ಬಿಟ್ಟ ಮರಿಗಳು.

"ಒಂದು ಕೊಯ್ದು ನೋಡ್ತೀನಿ," ಎಂದಳು ದಿಯೆಪ್.

"ಇಲ್ಲಿ ಬೇಡ. ವ್ರತ ಇದೆ."

ಡಾಕ್ಟ್ರಮ್ಮ ಅವಳ ಮುಖವನ್ನೊಮ್ಮೆ ನೋಡಿ, ಹೊರಗಿನ ಅರೆಯ ಒಂದು ಮೀನು ಎತ್ತಿಕೊಂಡು ತನ್ನ ದೋಣಿಗೆ ಇಳಿದಳು. ತೆಪ್ಪಕ್ಕೂ ದೋಣಿಗೂ ನಡುವೆ ಒಂದು ಗೇಣು ನೀರು. ಅಲ್ಲಿ ಕೊಯ್ದಳು. ಹೊಟ್ಟೆಯಿಂದ ಬೆರಳಿನಲ್ಲಿ ಏನೋ ತೆಗೆದು ತೋರಿಸಿದಳು. ಅರೆದ ಸಣ್ಣ ಮೀನು. ಮುಳ್ಳು, ಹುರುಪೆ.

"ಇದೇ ನೋಡಿ ನಿಮ್ಮ ಮೈದುನನ ವಿಷ. ಒಳಗಿನವಕ್ಕೆ ಏನು ಹಾಕ್ತೀರಿ?"

ಥೋಮ್ ಹೇಳಿದಳು. ತೌಡು, ನುಚ್ಚು, ಕುಂಬಳ, ಹಿಪ್ಪೆ.

"ಸಣ್ಣ ಮೀನು?"

"ಅವರು ಹೋದ ಮೇಲೆ ಇಲ್ಲ."

ದಿಯೆಪ್ ಕೈ ತೊಳೆದುಕೊಂಡಳು. "ಮೈ ಬೆಳೆಯೋಕೆ ಅಮೈನೋ ಆಮ್ಲ ಅಂತ ಬೇಕು ಅಕ್ಕಾ. ಒಂದಲ್ಲ, ಹಲವು ಥರ. ಕೆಲವನ್ನ ಮೀನು ತನ್ನ ಮೈಯಲ್ಲೇ ಮಾಡ್ಕೊಳತ್ತೆ. ಕೆಲವನ್ನ ಮಾಡ್ಕೊಳೋಕಾಗಲ್ಲ, ಬಾಯಿಂದಲೇ ಹೋಗ್ಬೇಕು. ಹಲಗೆ ಎಷ್ಟು ತಂದು ರಾಶಿ ಹಾಕಿದ್ರೂ ಮೊಳೆ ಇಲ್ದೆ ದೋಣಿ ಆಗತ್ತಾ? ಸೋಯಾದಲ್ಲಿ ಹಲಗೆ ಬೇಕಾದಷ್ಟಿದೆ. ಮೊಳೆ ಕಮ್ಮಿ. ಆ ಮೊಳೆಗೆ ಮೆಥಿಯೋನಿನ್ ಅಂತಾರೆ. ಸಣ್ಣ ಮೀನಲ್ಲಿ ಅದು ತುಂಬ ಇರತ್ತೆ. ಅದು ಕಮ್ಮಿಯಾದ್ರೆ ಮೊದಲು ಬೆಳವಣಿಗೆ ನಿಲ್ಲತ್ತೆ, ಆಮೇಲೆ ಕಣ್ಣಿಗೆ ಪೊರೆ ಬರತ್ತೆ, ರೋಗ ತಡಿಯೋ ತಾಕತ್ತೂ ಹೋಗತ್ತೆ."

"ನಮ್ಮಪ್ಪನ ಹಂದಿಗಳು ಇದನ್ನೇ ತಿಂದು ಬೆಳೆದವು."

"ಹಂದಿ ಊರೆಲ್ಲ ಸುತ್ತಿ ಸಿಕ್ಕಿದ್ದೆಲ್ಲ ತಿಂದಿರತ್ತೆ. ಬಲೆಯೊಳಗಿನ ಮೀನು ಎಲ್ಲಿಗೆ ಹೋಗತ್ತೆ? ನೀವು ಹಾಕಿದ್ದೇ ಅದರ ಲೋಕ."

"ನಾನೂ ಇದೇ ತಿಂತಿದೀನಲ್ಲ. ನನ್ನ ಕಣ್ಣು ನೆಟ್ಟಗಿವೆ."

"ನೀವು ಅನ್ನ ತಿಂತೀರಿ, ಎಳ್ಳು ತಿಂತೀರಿ, ಒಂದರ ಕೊರತೆ ಇನ್ನೊಂದು ತುಂಬತ್ತೆ. ಮತ್ತೆ ನೀವು ಬೆಳೆದಾಯ್ತು. ಅವು ಇನ್ನೂ ಮಕ್ಕಳು."

ಥೋಮ್ ಅನುಮಾನ ಬಿಡಲಿಲ್ಲ. ಯಾರ ಕೈಯಲ್ಲೂ ಇಲ್ಲದ, ಕಣ್ಣಿಗೂ ಕಾಣದ ಒಂದು ಮೊಳೆಯ ಮೇಲೆ ತಪ್ಪು ಹೊರಿಸುವುದು ಹೇಗೆ? ಕಾಲ ಬುಡದಲ್ಲಿ ಎರಡು ಬೋಗುಣಿ. ಮತ್ತೊಮ್ಮೆ ಬಗ್ಗಿ ನೋಡಿದಳು. ಒಂದರಲ್ಲಿ ಅವಳು ಕೈಯಾರೆ ಬೇಯಿಸಿ ಹಾಕಿದ್ದನ್ನು ತಿಂದವು. ಇನ್ನೊಂದರಲ್ಲಿ ಕಳ್ಳನ ಕೈಯದನ್ನೂ ತಿಂದವು.

ಆ ಹೊತ್ತಿಗೇ ಲುವಾನ್ ಬಂದ, ಬಕೆಟ್ಟಿನ ಸಮೇತ. ಅತ್ತಿಗೆ ಗುಡಿಯಲ್ಲಿದ್ದಾಳೆ ಎಂದುಕೊಂಡಿದ್ದ. ಇಬ್ಬರು ಹೆಂಗಸರನ್ನು ನೋಡಿ ಹುಟ್ಟು ಹಾಕುವುದನ್ನು ನಿಲ್ಲಿಸಿದ. ದೋಣಿ ತಾನಾಗೇ ತೇಲಿ ಬಂದು ಜಗಲಿಗೆ ಡಿಕ್ಕಿ ಹೊಡೆಯಿತು.

"ಮೇಲೆ ಬಾ," ಎಂದಳು ಥೋಮ್. "ಬಕೆಟ್ಟು ತಗೊಂಡೇ ಬಾ."

ಅವನು ಬಂದು ತಲೆ ತಗ್ಗಿಸಿ ನಿಂತ. ಅವಳು ಬಕೆಟ್ಟಿನ ಮುಚ್ಚಳ ತೆಗೆದು ಮೂಸಿದಳು. ಅರೆದ ಸಣ್ಣ ಮೀನು. ಕಾಂಗನ ಬೆಳಗಿನ ವಾಸನೆ.

"ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಕೇಳ್ತಿದ್ರಾ ಅತ್ತಿಗೆ? ನಾನು ನೀರು ಕೊಟ್ರೂ ಮೂಸಿ ಕುಡೀತೀರಿ. ಮತ್ತೆ ಅಣ್ಣನ ಹೆಸರಿನ ವ್ರತ. ಮುರೀರಿ ಅಂತ ತಮ್ಮನಾಗಿ ನಾನು ಹ್ಯಾಗೆ ಹೇಳಲಿ?"

"ಕೊಂದ ಪಾಪ ನಿನ್ನ ತಲೆ ಮೇಲೆ ಬಂತಲ್ಲ."

"ನನ್ನ ತಲೆ ದೊಡ್ಡದು. ಅಣ್ಣನೇ ಹೇಳ್ತಿದ್ದ."

"ಒಳಗಿನವಕ್ಕೆ ಯಾಕೆ ಹಾಕಲಿಲ್ಲ? ಅವು ಏನು ಮಾಡಿದ್ವು?"

ಲುವಾನನ ಕಿವಿ ಕೆಂಪಗಾಯಿತು. "ಒಳಗಿನ ಮುಚ್ಚಳ ನಿಮ್ಮ ಮಂಚದ ಪಕ್ಕ ಇದೆ. ನೀವಿಲ್ಲದಾಗ ನಾನು ಅಲ್ಲಿಗೆ ಬರಕ್ಕಾಗತ್ತಾ?"

ಡಾಕ್ಟ್ರಮ್ಮ ಜೋರಾಗಿ ಸೀನಿ ನದಿಯ ಕಡೆ ತಿರುಗಿದಳು.

ಥೋಮ್ ಬಕೆಟ್ಟಿನ ಮುಚ್ಚಳ ಮತ್ತೆ ಹಾಕಿದಳು. ಕೊನೆಗೆ ಕೇಳಿಯೇಬಿಟ್ಟಳು, "ತೆಪ್ಪ ಬೇಕು ತಾನೇ ನಿನಗೆ?"

"ಬೇಕಿತ್ತು. ಈಗಲೂ ಬೇಕು," ಎಂದ ಅವನು. "ಸತ್ತ ಮೀನಿನ ತೆಪ್ಪ ತಗೊಂಡು ಏನು ಮಾಡ್ಲಿ?"

ಇಷ್ಟು ದಿನದಲ್ಲಿ ಅವನು ಆಡಿದ ಮಾತುಗಳಲ್ಲಿ ಥೋಮ್ ತಕ್ಷಣ ನಂಬಿದ್ದು ಇದೊಂದನ್ನು.

"ಈಗೇನು ದಾರಿ?" ಎಂದಳು ಡಾಕ್ಟ್ರಮ್ಮನಿಗೆ.

"ಬಿಳಿಯಾದ ಕಣ್ಣು ಮತ್ತೆ ಬರಲ್ಲ. ಉಳಿದವನ್ನ ಉಳಿಸ್ಕೋಬಹುದು. ಸಣ್ಣ ಮೀನು ಹಾಕಿ. ಇಲ್ಲಾ ಮೂಟೆ ಮೇವು ಹಾಕಿ. ಅದರಲ್ಲೂ ಸೋಯಾನೇ ಇರತ್ತೆ, ಆದ್ರೆ ಕೊರತೆ ಇರೋದನ್ನ ಪುಡಿ ಮಾಡಿ ಕಾರ್ಖಾನೆಲೇ ಸೇರಿಸಿರ್ತಾರೆ."

ಥೋಮ್ ಮೈದುನನ ಕಡೆ ಕಣ್ಣು ತಿರುಗಿಸಿದಳು. "ಕೊನೆಗೆ ನಿನ್ನ ಮೂಟೆಗೇ ಬಂತು ನೋಡು ದಾರಿ."

"ನಾನೇನೂ ಅನ್ನಲಿಲ್ಲ ಅತ್ತಿಗೆ," ಎಂದು ಲುವಾನ್ ಎರಡು ಕೈ ಎತ್ತಿದ.

"ಆ ಮೂಟೆಯಲ್ಲಿ ಜೀವ ಇಲ್ವಾ?"

"ಒಣ ಮೀನಿನ ಪುಡಿ ಒಂದಿಷ್ಟು ಇರತ್ತೆ," ಎಂದಳು ದಿಯೆಪ್. "ಕೊಂದವರು ಬೇರೆಯವರು. ನೀವು ನೋಡಿರಲ್ಲ, ಅಷ್ಟೆ."

ಅವರು ಹೋದ ಮೇಲೆ ಥೋಮ್, ವಿಗ್ರಹದ ಬದಲು ಗೋಡೆಗೆ ಕಟ್ಟಿದ ಪೂಜೆಯ ಕಂದು ಬಟ್ಟೆಯ ಮುಂದೆ ಕೂತಳು. ಅದರ ಕೆಳಗಿಟ್ಟ ಫೋಟೋದಲ್ಲಿ ಕಾಂಗ್ ಯಾವಾಗಲೂ ನಗುವುದಕ್ಕೆ ಸ್ವಲ್ಪ ಮುಂಚಿನವನ ಹಾಗೆ ಕಾಣುತ್ತಾನೆ. ಊದುಬತ್ತಿ ಹಚ್ಚಿದಳು. ಅವನ ಹೊರೆ ಇಳಿಸಲು ಹೋಗಿ ಅವನ ಮರಿಗಳ ಕಣ್ಣು ತೆಗೆದಿದ್ದಳು. ಬೇರೆ ಯಾರ ಮೇಲೂ ಹಾಕುವಂತಿರಲಿಲ್ಲ. ಎಷ್ಟು ಮೂಸಿದರೂ ತನ್ನ ಕೈಯದೇ ವಾಸನೆ.

ಯಾರೋ ಎಲ್ಲೋ ಕೊಂದದ್ದನ್ನು ಕಣ್ಣು ಮುಚ್ಚಿ ಹಾಕುವುದು ಅವಳಿಗೆ ಒಗ್ಗಲಿಲ್ಲ. ಮರುದಿನ ಬೆಳಿಗ್ಗೆ ಚಿಲ್ಲರೆ ಮೀನಿನ ದೋಣಿಯನ್ನು ಕೂಗಿ ಕರೆದಳು. ಯಂತ್ರದ ಬಟ್ಟೆ ತೆಗೆದಳು. ಮೊದಲ ಬುಟ್ಟಿ ಸುರಿಯುವ ಮುಂಚೆ ಫೋಟೋದ ಕಡೆ ತಿರುಗಿ, ಗಟ್ಟಿಯಾಗಿಯೇ ಅಂದಳು, "ಇದು ನನ್ನ ಹೆಸರಲ್ಲಿ. ನಿನ್ನ ಹೆಸರಲ್ಲಿ ಬೇಡ."

ತಾನು ಮಾತ್ರ ತೋಫು ತಿಂದುಕೊಂಡೇ ಉಳಿದಳು.

ನೂರನೇ ದಿನ ನೆಂಟರು ಸೇರಿದರು. ಥೋಮ್ ಯಾರನ್ನೂ ನಿಲ್ಲಿಸಿ ಏನೂ ಕೇಳಲಿಲ್ಲ. ಲುವಾನ್‌ಗೆ ಮೊದಲು ಬಡಿಸಿದಳು. ಇದನ್ನು ಕಂಡ ಮುವೊಯ್ ಅಜ್ಜಿ, "ಏನೇ, ಕೊರಳಪಟ್ಟಿ ಹಿಡೀತೀಯ ಅಂತ ಕಾಯ್ಕೊಂಡು ಕೂತಿದ್ನಲ್ಲೇ," ಎಂದು ಕಿವಿಯಲ್ಲಿ ಉಸುರಿದಳು. "ಊಟ ಮಾಡಿ ಅಜ್ಜಿ," ಎಂದಳು ಥೋಮ್.

ನದಿಯ ನೆರೆ ಇಳಿದ ಮೇಲೆ ಮೀನು ಕೊಳ್ಳುವ ದೋಣಿ ಬಂತು. ಹೊರಗಿನವು ಪೂರ್ತಿ ಹೋದವು. ಒಳಗಿನವುಗಳಲ್ಲಿ ಸುಧಾರಿಸಿಕೊಂಡವು ಹೋದವು. ಬಿಳಿಗಣ್ಣಿನವನ್ನು ಅವರು ಮುಟ್ಟಲಿಲ್ಲ. ತಿಂದರೆ ಏನೂ ಆಗುವುದಿಲ್ಲವಂತೆ, ಆದರೆ ನೋಡಿದವರು ಕೊಳ್ಳುವುದಿಲ್ಲವಂತೆ. ಥೋಮ್ ಅವನ್ನು ನಡುಮನೆಯ ಕೆಳಗೇ ಇಟ್ಟುಕೊಂಡಳು. ಹೊರಗಿನ ಅರೆಗೆ ಲುವಾನ್ ಹೊಸ ಮರಿ ತಂದು ಬಿಟ್ಟ. ತೆಪ್ಪದ ಅರ್ಧ ಅವನದು, ಅರ್ಧ ಅವಳದು. ಒಳಗಿನ ಮುಚ್ಚಳ ಅವಳದು.

ಈಗಲೂ ಬೆಳಿಗ್ಗೆ ಅವನು ಬಕೆಟ್ಟು ತಂದು ಜಗಲಿಯ ಮೇಲಿಡುತ್ತಾನೆ. ಅವಳು ಮುಚ್ಚಳ ತೆಗೆದು ಮೂಸುತ್ತಾಳೆ. ಅವನು ಕಾಯುತ್ತಾನೆ.

"ವಿಷ ಇದ್ಯಾ ಅತ್ತಿಗೆ?"

"ಇವತ್ತಿಲ್ಲ."

ಆಮೇಲೆ ಅವಳು ನಡುಮನೆಗೆ ಬಂದು ನೆಲದ ಮುಚ್ಚಳ ಎತ್ತಿ ಪಕ್ಕಕ್ಕಿಡುತ್ತಾಳೆ, ಕಾಲು ಇಳಿಬಿಟ್ಟು ಕೂರುತ್ತಾಳೆ. ಕಣ್ಣು ಕಾಣದವು, ಮೇವು ಬಿದ್ದದ್ದು ಅವಕ್ಕೆ ತಡವಾಗಿ ತಿಳಿಯುತ್ತದೆ. ಅದಕ್ಕೆ ಮೊದಲು ಕಾಂಗನ ಸೌಟು ತೆಗೆದುಕೊಂಡು ಹಲಗೆಗೆ ಬಡಿಯುತ್ತಾಳೆ. ಒಂದು ಸಲ ಬಡಿದು ನಿಲ್ಲಿಸುವುದಿಲ್ಲ. ಎಲ್ಲವೂ ಬಂದು ಸೇರುವವರೆಗೂ ಬಡಿಯುತ್ತಾಳೆ. ಆಮೇಲೆ ಹಾಕುತ್ತಾಳೆ.